ಕಹಳೆಯ ಮುಂದೆ ನಿಂತವನು

ತಾನ್‌ಸೇನ್ ಹಾಡಿದರೆ ದೀಪಗಳು ತಾವಾಗಿಯೇ ಹತ್ತಿಕೊಳ್ಳುತ್ತಿದ್ದವು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆತ ಹೇಗೆ ಹಾಡುತ್ತಿದ್ದ ಎಂದು ಕೇಳಿದರೆ ಹೇಳಬಲ್ಲವರು ಯಾರೂ ಇಲ್ಲ. ಅಕ್ಬರನ ಕಾಲದ ಕೋಟೆಗಳು ಉಳಿದಿವೆ, ಚಿತ್ರಗಳು ಉಳಿದಿವೆ, ದರ್ಬಾರಿನ ಲೆಕ್ಕಪತ್ರಗಳೂ ಉಳಿದಿವೆ. ಆ ಕಂಠ ಮಾತ್ರ ಉಳಿದಿಲ್ಲ. ಹಾಡುಗಾರ ಸತ್ತ ದಿನವೇ ಅವನ ಹಾಡೂ ಮಣ್ಣಾಗುವುದು ಸಾವಿರಾರು ವರ್ಷಗಳ ನಿಯಮವಾಗಿತ್ತು. ಶಿಷ್ಯರ ಗಂಟಲಲ್ಲಿ ಅದರ ನೆರಳು ಉಳಿಯುತ್ತಿತ್ತು, ಅಷ್ಟೆ.

ಈ ನಿಯಮ ಮುರಿದದ್ದು ಗ್ರಾಮಫೋನ್ ಬಂದ ಮೇಲೆ. ಯಂತ್ರವನ್ನು ಕಂಡುಹಿಡಿದವರು ಎಂಜಿನಿಯರುಗಳು, ಮಾರಿದವರು ವ್ಯಾಪಾರಿಗಳು. ಆದರೆ ಜನ ಅದನ್ನು ಆಟಿಕೆಯೆಂದು ನಗುವುದನ್ನು ಬಿಟ್ಟು ಸಂಗೀತವೆಂದು ಕಿವಿಗೊಡುವಂತೆ ಮಾಡಿದವರಲ್ಲಿ ಮೊದಲ ಹೆಸರು ಇಟಲಿಯ ಒಬ್ಬ ಕಾರ್ಖಾನೆ ಕೆಲಸಗಾರನ ಮಗನದು. ಅವನ ಹೆಸರು ಎನ್ರಿಕೊ ಕರೂಸೊ. ಆತ ತೀರಿಕೊಂಡು ನೂರು ವರ್ಷ ದಾಟಿದೆ. ಆದರೂ ಆತ ಹೇಗೆ ಹಾಡುತ್ತಿದ್ದ ಎಂದು ಕೇಳಿದರೆ ಕಥೆ ಹೇಳಬೇಕಾಗಿಲ್ಲ, ಪ್ಲೇಟು ಹಾಕಿದರೆ ಸಾಕು.

ಹಾಗಾದರೆ ಯಂತ್ರ ಅವನನ್ನು ಉಳಿಸಿತೋ, ಅವನು ಯಂತ್ರವನ್ನು ಉಳಿಸಿದನೋ? ಆ ವ್ಯವಹಾರದಲ್ಲಿ ಅವನು ಪಡೆದದ್ದೇನು, ತೆತ್ತದ್ದೇನು? ಕರೂಸೊನ ಬದುಕನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ನೋಡಬೇಕು.

ಕಾರಂಜಿ ಮಾಡುವ ಹುಡುಗ

ಕರೂಸೊ ಹುಟ್ಟಿದ್ದು 1873ರ ಫೆಬ್ರವರಿ 25ರಂದು, ದಕ್ಷಿಣ ಇಟಲಿಯ ನೇಪಲ್ಸ್ ನಗರದ ಬಡವರ ಓಣಿಯಲ್ಲಿ. ತಂದೆ ಮಾರ್ಚೆಲ್ಲಿನೊ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ತಾಯಿಯ ಹೆಸರು ಅನ್ನಾ. ಇಪ್ಪತ್ತೊಂದು ಮಕ್ಕಳಲ್ಲಿ ಆತ ಹದಿನೆಂಟನೆಯವನು ಎಂಬ ಕಥೆ ಬಹಳ ಕಾಲ ಪುಸ್ತಕಗಳಲ್ಲಿ ಓಡಾಡಿತು. ದಾಖಲೆಗಳನ್ನು ತೆಗೆದು ನೋಡಿದವರಿಗೆ ಸಿಕ್ಕಿದ್ದು ಏಳು ಮಕ್ಕಳ ಹೆಸರು ಮಾತ್ರ. ಆ ಏಳರಲ್ಲಿ ಎಳೆತನ ದಾಟಿ ಬದುಕಿದ್ದು ಮೂವರು. ಕಟ್ಟುಕಥೆಗಿಂತ ಈ ಲೆಕ್ಕವೇ ಆ ಓಣಿಯ ಬಡತನವನ್ನು ಚೆನ್ನಾಗಿ ಹೇಳುತ್ತದೆ.

ಹನ್ನೊಂದನೆಯ ವಯಸ್ಸಿಗೆ ತಂದೆ ಮಗನನ್ನು ಕೆಲಸಕ್ಕೆ ಹಚ್ಚಿದ. ಊರಿನ ಬೀದಿಗಳಲ್ಲಿ ಇಡುವ ನೀರಿನ ಕಾರಂಜಿಗಳನ್ನು ತಯಾರಿಸುವವನ ಬಳಿ ಹುಡುಗ ಕೆಲಸ ಕಲಿತ. ಮುಂದೆ ತಂದೆಯ ಕಾರ್ಖಾನೆಯಲ್ಲಿಯೂ ದುಡಿದ. ಯಂತ್ರ, ಕಬ್ಬಿಣ, ಎಣ್ಣೆಯ ವಾಸನೆ ಇವು ಅವನಿಗೆ ಸ್ವರಲಿಪಿಗಿಂತ ಮೊದಲೇ ಪರಿಚಯವಾದವು. ಮಗ ಎಂಜಿನಿಯರ್ ಆಗಲಿ ಎಂಬುದು ತಂದೆಯ ಆಸೆ. ಇಗರ್ಜಿಯ ಮಕ್ಕಳ ಮೇಳದಲ್ಲಿ ಹಾಡುತ್ತಿದ್ದ ಅವನಿಗೆ ಬೆಂಬಲವಾಗಿ ನಿಂತವಳು ತಾಯಿ. ಆಕೆ 1888ರಲ್ಲಿ ತೀರಿಕೊಂಡಾಗ ಅವನಿಗೆ ಹದಿನೈದು ವರ್ಷ. ಆ ನಂತರ ಕೆಫೆಗಳಲ್ಲಿ, ಮನೆ ಸಮಾರಂಭಗಳಲ್ಲಿ ಹಾಡಿ ನಾಲ್ಕು ಕಾಸು ಸಂಪಾದಿಸುವುದು ಅಭ್ಯಾಸವಾಯಿತು.

1891ರಲ್ಲಿ ಮಿಸ್ಸಿಯಾನೊ ಎಂಬ ಸಹಗಾಯಕನೊಬ್ಬ ಅವನ ಹಾಡು ಕೇಳಿ ಗುಲ್ಯೆಲ್ಮೊ ವೆರ್ಜಿನೆ ಎಂಬ ಗುರುವಿನ ಬಳಿ ಕರೆದೊಯ್ದ. ವೆರ್ಜಿನೆಗೆ ಹುಡುಗನ ಕಂಠ ಅಷ್ಟೇನೂ ಹಿಡಿಸಲಿಲ್ಲ. ಆದರೂ ಪಾಠ ಹೇಳಲು ಒಪ್ಪಿದ. ಫೀಸು ಕೊಡಲು ಹುಡುಗನ ಬಳಿ ಹಣವಿರಲಿಲ್ಲವಾದ್ದರಿಂದ ಒಂದು ಕರಾರುಪತ್ರ ಬರೆಸಿಕೊಂಡ. ಮುಂದೆ ಐದು ವರ್ಷಗಳ ಗಾಯನದ ಗಳಿಕೆಯಲ್ಲಿ ಕಾಲು ಭಾಗ ಗುರುವಿಗೆ ಸೇರಬೇಕು ಎಂಬುದು ಅದರ ಸಾರ. ಆದರೆ ಅದರಲ್ಲಿದ್ದದ್ದು 'ನಿಜವಾಗಿ ಹಾಡಿದ ಐದು ವರ್ಷ' ಎಂಬ ಮಾತು. ಅಂದರೆ ರಂಗದ ಮೇಲೆ ಹಾಡಿದ ದಿನಗಳನ್ನಷ್ಟೇ ಕೂಡಿಸುತ್ತ ಹೋಗಬೇಕು. ಆ ಲೆಕ್ಕದಲ್ಲಿ ಐದು ವರ್ಷ ತುಂಬಲು ಅರ್ಧ ಆಯುಷ್ಯವೇ ಬೇಕಿತ್ತು. ಉಸ್ತಾದನಿಗೆ ಸೇವೆ ಮಾಡಿ ವಿದ್ಯೆ ಪಡೆಯುವ ಶಾಗಿರ್ದನ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಕರಾರು ವಿಚಿತ್ರವೆನಿಸಬಹುದು. ಕಲೆಯ ಲೋಕದಲ್ಲಿ ಬಡವನ ಗಂಟಲು ಮೊದಲ ದಿನವೇ ಅಡವಿಗೆ ಬೀಳುತ್ತದೆ ಎಂಬುದು ಎಲ್ಲ ದೇಶಗಳ ಅನುಭವ. ಮುಂದೆ ಈ ಜಗಳ ಕೋರ್ಟಿನವರೆಗೂ ಹೋಗಿ, ಕರೂಸೊ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು.

ಒಪೆರಾ ಎಂದರೆ ಮಾತಿನ ಬದಲು ಹಾಡಿನಲ್ಲೇ ಸಾಗುವ ನಾಟಕ. ಹಿಂದೆ ದೊಡ್ಡ ವಾದ್ಯಮೇಳ, ಮುಂದೆ ಸಾವಿರಾರು ಜನ, ನಡುವೆ ಮೈಕಿಲ್ಲದ ಗಾಯಕ. ನಮ್ಮ ಕಂಪನಿ ನಾಟಕದ ಹಳೆಯ ನಟರಂತೆ ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳುವಂತೆ ಹಾಡಬೇಕು. ಗಂಡಸರ ಕಂಠಗಳಲ್ಲಿ ಎತ್ತರದ ಶ್ರುತಿಯದನ್ನು ಟೆನರ್ ಎನ್ನುತ್ತಾರೆ. ನಾಯಕನ ಪಾತ್ರ, ಪ್ರೇಮಿಯ ಪಾತ್ರ ಹೆಚ್ಚಾಗಿ ಈ ಟೆನರುಗಳದೇ. ಕರೂಸೊ 1895ರ ಮಾರ್ಚ್ 15ರಂದು ನೇಪಲ್ಸಿನ ತೆಯಾತ್ರೊ ನುವೊವೊ ರಂಗಮಂದಿರದಲ್ಲಿ ಮೊದಲ ಸಲ ಒಪೆರಾದಲ್ಲಿ ಕಾಣಿಸಿಕೊಂಡ. ಆ ದಿನಗಳಲ್ಲಿ ಎತ್ತರದ ಸ್ವರಗಳಿಗೆ ಹೋದಾಗ ಅವನ ಕಂಠ ಒಡೆದುಹೋಗುತ್ತಿತ್ತು. ಅವನ ಆರಂಭದ ಫೋಟೋ ಒಂದರಲ್ಲಿ ಆತ ಮೈಗೆ ಬಟ್ಟೆಯೊಂದನ್ನು ರೋಮನ್ನರ ಹಾಗೆ ಸುತ್ತಿಕೊಂಡಿದ್ದಾನೆ. ಇದ್ದ ಒಂದೇ ಅಂಗಿ ಅಂದು ಒಗೆಯಲು ಹೋಗಿತ್ತಂತೆ, ಹೊದಿಕೆಯೇ ವೇಷವಾಯಿತಂತೆ.

ಲೊಂಬಾರ್ದಿ ಎಂಬ ಇನ್ನೊಬ್ಬ ಗುರುವಿನ ನೆರವಿನಿಂದ, ಮುಖ್ಯವಾಗಿ ಹಗಲಿರುಳ ರಿಯಾಜಿನಿಂದ ಕಂಠ ಹದಕ್ಕೆ ಬಂತು. 1898ರಲ್ಲಿ ಮಿಲಾನಿನಲ್ಲಿ 'ಫೆದೋರಾ' ಒಪೆರಾದ ಮೊದಲ ಪ್ರಯೋಗ ಅವನಿಗೆ ಹೆಸರು ತಂದಿತು. 1900ರ ಡಿಸೆಂಬರಿನಲ್ಲಿ ಇಟಲಿಯ ಪ್ರಸಿದ್ಧ ರಂಗಮಂದಿರ ಲಾ ಸ್ಕಾಲಾದ ಬಾಗಿಲು ತೆರೆಯಿತು. ಅಲ್ಲಿ ವಾದ್ಯಮೇಳವನ್ನು ನಡೆಸುತ್ತಿದ್ದವರು ಕಠಿಣ ಶಿಸ್ತಿಗೆ ಹೆಸರಾದ ತೊಸ್ಕಾನಿನಿ. 1901ರ ಫೆಬ್ರವರಿಯಲ್ಲಿ ಅವರ ನೇತೃತ್ವದಲ್ಲಿಯೇ ಕರೂಸೊ ದೊನಿಜೆತ್ತಿಯ 'ಲೆಲಿಸಿರ್ ದಮೋರೆ' ಹಾಡಿ ಮಿಲಾನನ್ನು ಗೆದ್ದ.

ಈ ಒಪೆರಾದ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. 'ಪ್ರೇಮದ ಮದ್ದು' ಎಂಬುದು ಅದರ ಅರ್ಥ. ನೆಮೊರಿನೊ ಎಂಬ ಬಡ ಹಳ್ಳಿ ಹುಡುಗ ಶ್ರೀಮಂತ ಹುಡುಗಿಯನ್ನು ಒಲಿಸಿಕೊಳ್ಳಲು ಸಂತೆಯ ನಕಲಿ ವೈದ್ಯನಿಂದ ಮದ್ದು ಕೊಳ್ಳುವ ಕಥೆ. ಕರೂಸೊನ ಬದುಕಿನ ಮುಖ್ಯ ತಿರುವುಗಳಲ್ಲೆಲ್ಲ ಈ ಹುಡುಗ ಎದುರಾಗುತ್ತಾನೆ.

ತವರಿನ ತಣ್ಣನೆಯ ಮುಖ

ಅದೇ ವರ್ಷ ಡಿಸೆಂಬರಿನಲ್ಲಿ ಕರೂಸೊ ನೇಪಲ್ಸಿಗೆ ಮರಳಿದ. ಊರಿನ ಹೆಮ್ಮೆಯ ಸಾನ್ ಕಾರ್ಲೊ ರಂಗಮಂದಿರದಲ್ಲಿ ಹಾಡುವ ಕರೆ ಬಂದಿತ್ತು. ಓಣಿಯ ಹುಡುಗನೊಬ್ಬ ರಾಜರ ಕಾಲದ ಆ ರಂಗದ ಮೇಲೆ ನಿಲ್ಲುವುದು ಸಣ್ಣ ಮಾತಲ್ಲ. ಆತ ಆರಿಸಿಕೊಂಡದ್ದು ನೆಮೊರಿನೊನ ಪಾತ್ರವನ್ನೇ.

ಆದರೆ ಸಾನ್ ಕಾರ್ಲೊದಲ್ಲಿ ಸಂಗೀತ ಬಲ್ಲೆವೆಂದುಕೊಂಡ ದೊಡ್ಡವರ ಗುಂಪೊಂದಿತ್ತು. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ಹೊಸ ಗಾಯಕರು ಅವರನ್ನು ಮೊದಲೇ ಕಂಡು ಸಲಾಮು ಹಾಕಿ ಬರುವುದು ವಾಡಿಕೆ. ಕರೂಸೊ ಆ ಕೆಲಸ ಮಾಡಲಿಲ್ಲ. ಮೊದಲ ರಾತ್ರಿಯ ಸ್ವಾಗತ ತಣ್ಣಗಿತ್ತು. ಪತ್ರಿಕೆಯ ವಿಮರ್ಶೆಯೂ ಕಹಿಯಾಗಿತ್ತು. ಕರಾರಿನಂತೆ ಉಳಿದ ಪ್ರದರ್ಶನಗಳನ್ನು ಆತ ಮುಗಿಸಿಕೊಟ್ಟ. ಇನ್ನು ಮುಂದೆ ಈ ಊರಿಗೆ ಬಂದರೆ ಶಾವಿಗೆ ತಿನ್ನಲಿಕ್ಕೆ ಬಂದೇನು, ಹಾಡಲಿಕ್ಕಲ್ಲ ಎಂದು ಶಪಥ ಮಾಡಿದ. ಆ ಶಪಥವನ್ನು ಸಾಯುವತನಕ ಪಾಲಿಸಿದ.

ಈ ಪ್ರಸಂಗವನ್ನು ಕಲಾವಿದನ ಅಹಂಕಾರವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಹೊರಗಿನವರು ಅವಮಾನಿಸಿದರೆ ಮನುಷ್ಯ ಜಗಳವಾಡಿ ಮರೆಯುತ್ತಾನೆ. ತನ್ನ ಓಣಿಯಿಂದ ಕೂಗಳತೆಯ ದೂರದಲ್ಲಿದ್ದೂ ತನ್ನವರಿಗೆ ಎಂದೂ ತೆರೆಯದ ಬಾಗಿಲಿನ ಒಳಗೆ ಹೋಗಿ, ಅಲ್ಲಿಯೂ ನೀನು ನಮ್ಮವನಲ್ಲ ಎಂಬ ಮುಖಗಳನ್ನು ನೋಡಿ ಬಂದವನ ನೋವು ಬೇರೆ. ಅದು ಮರೆಯುವಂಥದ್ದಲ್ಲ.

ಒಂದು ಮಧ್ಯಾಹ್ನ, ಹತ್ತು ಹಾಡು, ನೂರು ಪೌಂಡು

ಇದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ ಚರಿತ್ರೆಯ ದಿಕ್ಕು ಬದಲಾಯಿತು. 1902ರ ಮಾರ್ಚಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ತರುಣ ಮಿಲಾನಿಗೆ ಬಂದ. ಲಾ ಸ್ಕಾಲಾದಲ್ಲಿ ಫ್ರಾಂಕೆತ್ತಿಯ 'ಜೆರ್ಮಾನಿಯಾ' ಎಂಬ ಹೊಸ ಒಪೆರಾದಲ್ಲಿ ಕರೂಸೊನನ್ನು ಕೇಳಿದ. ಹತ್ತು ಹಾಡುಗಳಿಗೆ ಕರೂಸೊ ಕೇಳಿದ್ದು ನೂರು ಪೌಂಡು. ಇಷ್ಟು ದುಬಾರಿ ಬೇಡ, ಬಿಟ್ಟುಬಿಡು ಎಂದು ಲಂಡನ್ನಿನಿಂದ ತಂತಿ ಬಂತೆಂದೂ, ತಾನು ಅದನ್ನು ಲೆಕ್ಕಿಸದೆ ಮುಂದುವರಿದೆನೆಂದೂ ಗೈಸ್‌ಬರ್ಗ್ ಮುಂದೆ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾನೆ.

ಏಪ್ರಿಲ್ 11ರ ಮಧ್ಯಾಹ್ನ ಮಿಲಾನಿನ ಗ್ರ್ಯಾಂಡ್ ಹೋಟೆಲಿನ ಕೋಣೆಯೊಂದರಲ್ಲಿ ಯಂತ್ರ ಹೂಡಲಾಯಿತು. ಹದಿನೈದು ತಿಂಗಳ ಹಿಂದೆ ಇಟಲಿಯ ಮಹಾನ್ ಸಂಗೀತಕಾರ ವೆರ್ದಿ ಕೊನೆಯುಸಿರೆಳೆದದ್ದು ಅದೇ ಹೋಟೆಲಿನಲ್ಲಿ. ಕರೂಸೊ ಬಂದ, ಗೋಡೆಯಿಂದ ಚಾಚಿಕೊಂಡಿದ್ದ ತಗಡಿನ ಕಹಳೆಯ ಮುಂದೆ ನಿಂತ, ಪಿಯಾನೋದ ಜೊತೆ ಹತ್ತು ಹಾಡುಗಳನ್ನು ಹಾಡಿದ, ಹಣ ಎಣಿಸಿಕೊಂಡು ಹೊರಟುಹೋದ. ಮರುತಿಂಗಳು ಅವನು ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಮೊದಲ ಸಲ ಹಾಡುವ ವೇಳೆಗೆ ಪ್ಲೇಟುಗಳು ಅಲ್ಲಿನ ಅಂಗಡಿಗೆ ಬಂದಿದ್ದವು. ಕಂಠ ಒಡೆಯನಿಗಿಂತ ಮೊದಲೇ ಊರು ಸೇರುವ ಹೊಸ ಕಾಲ ಆರಂಭವಾಗಿತ್ತು.

ಈ ಮಧ್ಯಾಹ್ನಕ್ಕೂ ನಮಗೂ ನೇರವಾದ ಸಂಬಂಧವೊಂದಿದೆ. ಕರೂಸೊನ ಕಂಠವನ್ನು ಮೇಣದಲ್ಲಿ ಹಿಡಿದ ಅದೇ ಗೈಸ್‌ಬರ್ಗ್ ಅದೇ ವರ್ಷ ಹಡಗು ಹತ್ತಿ ಕಲ್ಕತ್ತಕ್ಕೆ ಬಂದ. ನವೆಂಬರಿನಲ್ಲಿ ಅಲ್ಲಿಯೂ ಹೋಟೆಲಿನ ಕೋಣೆಯೊಂದರಲ್ಲಿ ಅಂಥದೇ ಕಹಳೆ ಹೂಡಿದ. ಅದರ ಮುಂದೆ ನಿಂತು ಹಾಡಿದವರಲ್ಲಿ ಗೌಹರ್ ಜಾನ್ ಮುಖ್ಯಳು. ಆಕೆಯೂ ಹುಟ್ಟಿದ್ದು 1873ರಲ್ಲೇ. ಅರ್ಮೇನಿಯನ್ ಮೂಲದ ತಂದೆಯ ಮಗಳಾಗಿ ಹುಟ್ಟಿ, ತಾಯಿಯೊಂದಿಗೆ ಇಸ್ಲಾಮಿಗೆ ಬಂದು, ತವಾಯಫರ ಸಂಗೀತ ಪರಂಪರೆಯಲ್ಲಿ ಬೆಳೆದವಳು. ಗಂಟೆಗಟ್ಟಲೆ ಬೆಳೆಸುವ ಖಯಾಲನ್ನೂ ಠುಮ್ರಿಯನ್ನೂ ಮೂರು ನಿಮಿಷದಲ್ಲಿ ಕಟ್ಟಿಕೊಡುವ ಕಲೆಯನ್ನು ಕಂಡುಕೊಂಡವರಲ್ಲಿ ಆಕೆ ಮೊದಲಿಗಳು. ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ದೂರದ ಜರ್ಮನಿಯಲ್ಲಿ ಪ್ಲೇಟು ಅಚ್ಚು ಹಾಕುವವರಿಗೆ ಇದು ಯಾರ ಹಾಡೆಂದು ತಿಳಿಯಬೇಕಿತ್ತು. ಈ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ನೇಪಲ್ಸಿನ ಓಣಿಯ ಹುಡುಗ ಮತ್ತು ಕಲ್ಕತ್ತದ ತವಾಯಫ್ ಒಬ್ಬರನ್ನೊಬ್ಬರು ನೋಡಿದವರಲ್ಲ. ಆದರೆ ಒಂದೇ ವರ್ಷ, ಒಬ್ಬನೇ ಮನುಷ್ಯನ ಯಂತ್ರದ ಮುಂದೆ ನಿಂತು ಇಬ್ಬರೂ ತಮ್ಮ ದನಿಯನ್ನು ಸಾವಿನ ಕೈಯಿಂದ ಬಿಡಿಸಿಕೊಂಡರು. ದೊಡ್ಡ ಮನೆತನದ ಸಂಗೀತಗಾರರು ಯಂತ್ರದ ಬಳಿ ಸುಳಿಯಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಕಳೆದುಕೊಳ್ಳಲು ಪ್ರತಿಷ್ಠೆಯ ಹೊರೆಯಿಲ್ಲದವರೇ ಧೈರ್ಯವಾಗಿ ಮುಂದೆ ಬಂದದ್ದು ಆಕಸ್ಮಿಕವಲ್ಲ.

ಕಹಳೆಯ ಕಾನೂನು

ಕರೂಸೊನ ಪ್ಲೇಟುಗಳನ್ನು ಇಂದು ಕೇಳುವವರು ಅವು ತಯಾರಾದ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ಆ ಯಂತ್ರಕ್ಕೆ ವಿದ್ಯುತ್ತಿನ ಕಿವಿ ಇರಲಿಲ್ಲ. ಧ್ವನಿಮುದ್ರಣಕ್ಕೆ ಮೈಕು ಬಂದದ್ದು 1925ರಲ್ಲಿ, ಕರೂಸೊ ಸತ್ತು ನಾಲ್ಕು ವರ್ಷವಾದ ಮೇಲೆ. ಅವನ ಕಾಲದಲ್ಲಿ ಗಾಯಕನ ಉಸಿರಿನ ಬಲವೇ ಕಹಳೆಯೊಳಗೆ ನುಗ್ಗಿ, ತುದಿಯಲ್ಲಿದ್ದ ತೆಳುವಾದ ಪರದೆಯನ್ನು ನಡುಗಿಸಬೇಕು. ಆ ನಡುಕಕ್ಕೆ ಸೂಜಿ ಅಲುಗಿ, ತಿರುಗುತ್ತಿರುವ ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯಬೇಕು. ತಪ್ಪಾದರೆ ತಿದ್ದುವಂತಿಲ್ಲ, ಮತ್ತೆ ಮೊದಲಿನಿಂದ ಹಾಡಬೇಕು. ಹತ್ತು ಅಂಗುಲದ ಪ್ಲೇಟಿನಲ್ಲಿ ಸುಮಾರು ಮೂರು ನಿಮಿಷ, ಹನ್ನೆರಡು ಅಂಗುಲದ್ದರಲ್ಲಿ ನಾಲ್ಕು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಹಾಡು ಮುಗಿಯಬೇಕು.

ಕಹಳೆಗೆ ಎಲ್ಲ ಸದ್ದುಗಳೂ ಸಮನಾಗಿ ಕೇಳಿಸುತ್ತಿರಲಿಲ್ಲ. ತೀರ ತಗ್ಗಿನ ಮಂದ್ರವೂ ತೀರ ಎತ್ತರದ ಸೂಕ್ಷ್ಮವೂ ಅದರ ಪಾಲಿಗೆ ಇಲ್ಲವೇ ಇಲ್ಲ. ಪಿಟೀಲಿನ ನಾದ ಸಾಲದೆಂದು ಅದಕ್ಕೇ ತಗಡಿನ ಕಹಳೆ ಕಟ್ಟಿದ ವಿಶೇಷ ಪಿಟೀಲುಗಳನ್ನು ಬಳಸುತ್ತಿದ್ದರು. ದೊಡ್ಡ ತಂತಿವಾದ್ಯದ ಬದಲು ಊದುವ ವಾದ್ಯ ಇಡುತ್ತಿದ್ದರು. ಹೆಂಗಸರ ಏರು ದನಿಗಳು ತೆಳ್ಳಗಾಗಿ ಕೇಳುತ್ತಿದ್ದವು. ಈ ಕಿವುಡು ಯಂತ್ರ ಚೆನ್ನಾಗಿ ಹಿಡಿಯುತ್ತಿದ್ದದ್ದು ಗಟ್ಟಿಯಾದ, ದುಂಡಾದ, ನಡುವಿನ ಸ್ಥಾಯಿಯ ಗಂಡು ಕಂಠವನ್ನು. ಕರೂಸೊನದು ಅಂಥದೇ ಕಂಠ.

ಹಾಗೆಂದು ಎಲ್ಲವೂ ಅದೃಷ್ಟವೆನ್ನಲಾಗದು. ಅಂಥ ಕಂಠದ ಟೆನರುಗಳು ಆಗ ಬೇರೆಯವರೂ ಇದ್ದರು. ಕರೂಸೊನಿಗೆ ಕಹಳೆಯ ಮುಂದೆ ಕೆಲಸ ಮಾಡುವುದು ಗೊತ್ತಿತ್ತು. ಯಾವ ಸ್ವರಕ್ಕೆ ಹತ್ತಿರ ಬಾಗಬೇಕು, ಯಾವುದಕ್ಕೆ ಹಿಂದೆ ಸರಿಯಬೇಕು ಎಂಬುದನ್ನು ಆತ ಕಲಿತ. ಎದುರಿಗೆ ಸಭೆಯಿಲ್ಲ, ಚಪ್ಪಾಳೆಯಿಲ್ಲ, ಬೆಳಕಿಲ್ಲ. ಅನೇಕ ಹೆಸರಾಂತ ಗಾಯಕರು ಆ ತಗಡಿನ ಬಾಯಿಯ ಮುಂದೆ ಹೆದರಿ ಹೆಪ್ಪಾದರು. ಈತ ಅದರೊಳಗೆ ಅತ್ತ, ನಕ್ಕ, ಬೇಡಿಕೊಂಡ. ಬಾಲ್ಯದಲ್ಲೇ ಯಂತ್ರದ ಮುಂದೆ ನಿಂತು ದುಡಿದ ಮನುಷ್ಯನಿಗೆ ಯಂತ್ರ ಅನ್ಯವಾಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

1903ರ ನವೆಂಬರ್ 23ರಂದು ಕರೂಸೊ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಸಲ ಹಾಡಿದ. ಮುಂದಿನ ಹದಿನೇಳು ವರ್ಷಗಳಲ್ಲಿ ಎಂಟುನೂರಕ್ಕೂ ಹೆಚ್ಚು ಸಲ ಆ ಸಂಸ್ಥೆಗಾಗಿ ಹಾಡಿದ. 1904ರ ಫೆಬ್ರವರಿ 1ರಂದು ಅಮೆರಿಕದ ವಿಕ್ಟರ್ ಕಂಪನಿಗೆ ಮೊದಲ ಹತ್ತು ಪ್ಲೇಟುಗಳನ್ನು ಹಾಡಿಕೊಟ್ಟ. ಕೊನೆಯವರೆಗೂ ಆ ಕಂಪನಿಯನ್ನು ಬಿಡಲಿಲ್ಲ. ಕಹಳೆಯ ಮುಂದೆ ಕೂತು ಯಜಮಾನನ ದನಿ ಕೇಳುವ ನಾಯಿಯ ಚಿತ್ರ ನಮ್ಮ ಹಿರಿಯರಿಗೆಲ್ಲ ಗೊತ್ತು. ಅದೇ ನಾಯಿಯ ಮುದ್ರೆ ವಿಕ್ಟರ್ ಕಂಪನಿಯದೂ ಆಗಿತ್ತು. ಪ್ರತಿ ಪ್ಲೇಟಿನ ಮಾರಾಟದಲ್ಲಿ ಗಾಯಕನಿಗೂ ಪಾಲು ಸಲ್ಲುವ ಕರಾರಿನಿಂದ ಕರೂಸೊ ಲಕ್ಷಗಟ್ಟಲೆ ಡಾಲರ್ ಗಳಿಸಿದ. ಅವನು ಬಿಟ್ಟುಹೋದ ಮುದ್ರಿಕೆಗಳು ಸುಮಾರು 260.

ಈ ರಾಶಿಯಲ್ಲಿ ಯಾವುದನ್ನು ಕೇಳಬೇಕು ಎಂದು ಯಾರಾದರೂ ಕೇಳಿದರೆ, 'ಲೆಲಿಸಿರ್ ದಮೋರೆ'ಯ ನೆಮೊರಿನೊ ತನ್ನ ಪ್ರಿಯೆಯ ಕಣ್ಣಂಚಿನ ಹನಿಯನ್ನು ಕಂಡು ಹಾಡುವ ಹಾಡನ್ನು ಹೇಳುತ್ತೇನೆ. ಕರೂಸೊ ಅದನ್ನು 1902, 1904 ಮತ್ತು 1911ರಲ್ಲಿ ಹಾಡಿದ್ದಾನೆ. ಮೊದಲನೆಯದರಲ್ಲಿ ಹಗುರವಾದ, ಅವಸರದ ತರುಣ ಇದ್ದಾನೆ. 1904ರಲ್ಲಿ ಪಿಯಾನೋದ ಜೊತೆ ಎರಡು ಭಾಗಗಳಲ್ಲಿ ಹಾಡಿದಾಗ ಒಂದೊಂದು ಸ್ವರವನ್ನೂ ಮುದ್ದಿಸಿ ಬಿಡುವ ನಿಧಾನವಿದೆ. 1911ರಲ್ಲಿ ವಾದ್ಯಮೇಳದ ಜೊತೆ ಹಾಡುವಾಗ ಕಂಠದ ತಳ ಕಪ್ಪಾಗಿದೆ, ಭಾರವಾಗಿದೆ. ಒಬ್ಬನೇ ಮನುಷ್ಯನ ಕಂಠ ಒಂಬತ್ತು ವರ್ಷಗಳಲ್ಲಿ ಹೇಗೆ ಮಾಗುತ್ತದೆ ಎಂಬುದನ್ನು ಹೀಗೆ ಪಕ್ಕಪಕ್ಕದಲ್ಲಿಟ್ಟು ಕೇಳುವ ಭಾಗ್ಯ ಅಕ್ಬರನಿಗೂ ಇರಲಿಲ್ಲ.

ಕೇಳುವವರು ಒಂದು ಎಚ್ಚರ ವಹಿಸಬೇಕು. ಆ ಕಾಲದ ಪ್ಲೇಟುಗಳೆಲ್ಲ ಒಂದೇ ವೇಗದಲ್ಲಿ ತಿರುಗುತ್ತಿರಲಿಲ್ಲ. ಸ್ವಲ್ಪ ಜೋರಾಗಿ ತಿರುಗಿಸಿದರೆ ಕಂಠ ಕೀರಲಾಗುತ್ತದೆ, ನಿಧಾನಿಸಿದರೆ ಭಾರವಾಗುತ್ತದೆ. ಅವನು ಸತ್ತ ಮೇಲೆ, 1930ರ ದಶಕದಲ್ಲಿ, ಕಂಪನಿಗಳು ಹಳೆಯ ಕಂಠದ ಹಿಂದೆ ಹೊಸ ವಾದ್ಯಮೇಳವನ್ನು ಅಂಟಿಸಿ ಮಾರಿದವು. 1976ರಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಎಂಬ ವಿಜ್ಞಾನಿ ಕಂಪ್ಯೂಟರಿನ ಸಹಾಯದಿಂದ ಕಹಳೆಯ ದೋಷವನ್ನು ಕಳೆದು ಕಂಠವನ್ನು ಹೊರತೆಗೆಯಲು ಯತ್ನಿಸಿದ. ಇವೆಲ್ಲ ಇದ್ದರೂ, ಸರಸರ ಸದ್ದಿನ ಮಳೆಯಾಚೆಯಿಂದ ಬರುವ ಮೂಲ ಪ್ಲೇಟನ್ನು ತಾಳ್ಮೆಯಿಂದ ಕೇಳುವುದೇ ಒಳ್ಳೆಯದು. ಎರಡು ನಿಮಿಷದಲ್ಲಿ ಕಿವಿ ಮಳೆಯನ್ನು ಮರೆಯುತ್ತದೆ.

ಯಾರ ಮನೆಯ ಹಾಡು?

1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ವಲಸೆ ಹೋದರು. ಅವರಲ್ಲಿ ಬಹುಪಾಲು ದಕ್ಷಿಣದ ಬಡವರು. ಸುರಂಗ ತೋಡಿದರು, ರೈಲು ಹಳಿ ಹಾಸಿದರು, ಬಟ್ಟೆ ಹೊಲಿದರು. ಭಾಷೆ ಬಾರದವರೆಂದು, ಕೊಳಕರೆಂದು, ಚಾಕು ಹಿಡಿದವರೆಂದು ಅಲ್ಲಿನವರು ಅವರನ್ನು ಹಂಗಿಸುತ್ತಿದ್ದರು. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರ ಮನೆಯವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಜನರಿಗೆ ಕರೂಸೊ ದೊಡ್ಡ ಆಸರೆಯಾದ. ಅಮೆರಿಕದ ಕೋಟ್ಯಧಿಪತಿಗಳು ರೇಷ್ಮೆಯುಟ್ಟು ಕೇಳಲು ಬರುತ್ತಿದ್ದದ್ದು ತಮ್ಮ ಓಣಿಯವನ ಹಾಡನ್ನು ಎಂಬುದು ಅವರಿಗೆ ಹೆಮ್ಮೆ. ಆತ ಒಪೆರಾದ ಜೊತೆ ನೇಪಲ್ಸಿನ ಬೀದಿಯ ಹಾಡುಗಳನ್ನೂ ಅಲ್ಲಿನ ಆಡುಭಾಷೆಯಲ್ಲೇ ಪ್ಲೇಟಿಗೆ ಹಾಡಿದ. 1911ರಲ್ಲಿ ಹಾಡಿದ 'ಕೋರೆ ನ್ಗ್ರಾತೊ' ಎಂಬ ಪ್ರಸಿದ್ಧ ಗೀತೆಯನ್ನು ರಚಿಸಿದವರು ನ್ಯೂಯಾರ್ಕಿನ ವಲಸಿಗರೇ. ಅದು ನೇಪಲ್ಸಿನ ಹಾಡಾದದ್ದು ಸಮುದ್ರದಾಚೆಯಿಂದ. ವಲಸಿಗರ 'ಲಾ ಫೊಲ್ಲಿಯಾ' ಎಂಬ ವಾರಪತ್ರಿಕೆಗೆ ಕರೂಸೊ ವ್ಯಂಗ್ಯಚಿತ್ರ ಬರೆದುಕೊಡುತ್ತಿದ್ದ. 1918ರಲ್ಲಿ ನಟಿಸಿದ ಮೂಕಿ ಚಿತ್ರವೊಂದರಲ್ಲಿ ಒಬ್ಬ ದೊಡ್ಡ ಗಾಯಕನಾಗಿಯೂ, ಅವನ ಬಡ ವಲಸಿಗ ಸಂಬಂಧಿಯಾಗಿಯೂ ತಾನೇ ಕಾಣಿಸಿಕೊಂಡ. ಜಗತ್ತಿನ ಅತಿ ದುಬಾರಿ ಕಂಠ ಮೂಕಿಯಾಗಿ ತೆರೆಯ ಮೇಲೆ ಬಂದಾಗ ಜನ ಅಷ್ಟಾಗಿ ಸೇರಲಿಲ್ಲ.

ಆದರೆ ಈ ಚಿತ್ರದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ವಿಕ್ಟರ್ ಕಂಪನಿಯ ಕೆಂಪು ಮುದ್ರೆಯ ಪ್ಲೇಟುಗಳು ಶ್ರೀಮಂತರ ವಸ್ತುಗಳಾಗಿದ್ದವು. ಕರೂಸೊ ಇತರ ಐವರೊಂದಿಗೆ 1908ರಲ್ಲಿ ಹಾಡಿದ ಒಂದು ಪ್ಲೇಟಿನ ಬೆಲೆ ಏಳು ಡಾಲರ್. ಅದರ ಒಂದೇ ಮಗ್ಗುಲಲ್ಲಿ ಹಾಡು. ಕೂಲಿಯವನ ದಿನಗೂಲಿ ಎರಡು ಡಾಲರ್ ಮುಟ್ಟದ ಕಾಲವದು. ಅಂದರೆ ನಾಲ್ಕು ನಿಮಿಷದ ಹಾಡಿಗೆ ನಾಲ್ಕು ದಿನದ ಬೆವರು. ಒಪೆರಾ ಮಂದಿರದ ಬಾಗಿಲಲ್ಲಿ ನಿಂತಿದ್ದ ಹಣ ಎಂಬ ಕಾವಲುಗಾರ ಈಗ ಪ್ಲೇಟಿನ ಅಂಗಡಿಯ ಬಾಗಿಲಿಗೆ ಬಂದು ನಿಂತ. ಆದರೂ ವ್ಯತ್ಯಾಸವಿತ್ತು. ಮಂದಿರದ ಗೋಡೆ ದಾಟಿ ಹಾಡು ಹೊರಗೆ ಬರುತ್ತಿರಲಿಲ್ಲ. ಒಬ್ಬ ಕೊಂಡ ಪ್ಲೇಟು ಕಿಟಕಿ ತೆರೆದರೆ ಇಡೀ ಬೀದಿಯದು.

ಹಣ, ಹೆಸರು ಎಲ್ಲ ಬಂದರೂ ಕರೂಸೊ ಸಹಗಾಯಕರಿಗೆ ಹೆಗಲು ಕೊಡುವುದನ್ನು ಬಿಡಲಿಲ್ಲ. 1913ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ 'ಲಾ ಬೊಹೆಮ್' ನಡೆಯುತ್ತಿದ್ದಾಗ, ಹಳೆಯ ಕೋಟಿಗೆ ವಿದಾಯ ಹೇಳುವ ಹಾಡನ್ನು ಹಾಡಬೇಕಾದ ಮಂದ್ರ ಕಂಠದ ಗಾಯಕನ ಗಂಟಲು ಕಟ್ಟಿಹೋಯಿತು. ಅವನ ಪಕ್ಕದಲ್ಲೇ ರಂಗದ ಮೇಲಿದ್ದ ಕರೂಸೊ ಸಭೆಗೆ ಬೆನ್ನು ಮಾಡಿ ಆ ಹಾಡನ್ನು ತಾನೇ ಹಾಡಿಬಿಟ್ಟ. ಮುಂದೆ 1916ರಲ್ಲಿ ಅದನ್ನು ಪ್ಲೇಟಿಗೂ ಹಾಡಿದ. ಆದರೆ ಮಾರಾಟಕ್ಕೆ ಬಿಡಲು ಒಪ್ಪಲಿಲ್ಲ. ಮಂದ್ರ ಕಂಠದವರ ಪಾಲಿನ ಹಾಡಿಗೆ ತಾನು ಕೈಹಾಕಬಾರದು ಎಂಬುದು ಅವನ ಕಾರಣವಾಗಿತ್ತೆಂದು ಹೇಳುತ್ತಾರೆ. ಅವನು ಸತ್ತು ಎಷ್ಟೋ ವರ್ಷದ ಮೇಲೆ ಅದು ಹೊರಬಂತು.

ಬೆಲೆ ತೆತ್ತ ಕಂಠ

ಪ್ಲೇಟು ಗಾಯಕನಿಗೆ ಅಮರತ್ವ ಕೊಟ್ಟಿತು ಎನ್ನುತ್ತೇವೆ. ಅದು ಅವನಿಂದ ಕಿತ್ತುಕೊಂಡದ್ದೂ ಇದೆ. ಹಿಂದಿನ ಗಾಯಕನಿಗೆ ಒಂದು ರಾತ್ರಿ ಕಂಠ ಕೈಕೊಟ್ಟರೆ ಮರುದಿನ ಜನ ಮರೆಯುತ್ತಿದ್ದರು. ಕರೂಸೊನಿಗೆ ಆ ಸವಲತ್ತು ಉಳಿಯಲಿಲ್ಲ. ಮನೆಯಲ್ಲಿ ಅವನ ತಪ್ಪಿಲ್ಲದ ನಾಲ್ಕು ನಿಮಿಷವನ್ನು ನೂರು ಸಲ ಕೇಳಿ ಬಂದವರು ರಂಗದ ಮುಂದೆ ಕೂತಿರುತ್ತಿದ್ದರು. ಪ್ರತಿ ರಾತ್ರಿ ಆತ ತನ್ನದೇ ಪ್ಲೇಟಿನ ಜೊತೆ ಸ್ಪರ್ಧಿಸಬೇಕಿತ್ತು. ಪ್ಲೇಟಿಗೆ ನೆಗಡಿಯಾಗುವುದಿಲ್ಲ, ವಯಸ್ಸಾಗುವುದಿಲ್ಲ. ಮನುಷ್ಯನಿಗೆ ಎರಡೂ ಆಗುತ್ತದೆ. 1909ರಲ್ಲಿ ಅವನ ಗಂಟಲಿನ ಗಂಟಿಗೆ ಶಸ್ತ್ರಚಿಕಿತ್ಸೆಯಾಯಿತು. ತಲೆನೋವು ಅವನನ್ನು ಕಾಡುತ್ತಿತ್ತು. ಸಿಗರೇಟು ಬಿಡಲಾಗಲಿಲ್ಲ. ಹಾಡುವುದನ್ನು ಕಡಿಮೆ ಮಾಡಲೂ ಇಲ್ಲ.

1919ರ ನವೆಂಬರಿನಲ್ಲಿ ಆತ ಹಾಲೆವಿಯ 'ಲಾ ಜ್ವೀವ್'ನಲ್ಲಿ ಎಲಿಯಜಾರ್‌ನ ಪಾತ್ರ ವಹಿಸಿದ. ಜೀವನವಿಡೀ ಪ್ರೇಮಿಗಳ ಪಾತ್ರ ಹಾಡಿದವನು ಈಗ ಕಿರುಕುಳಕ್ಕೆ ಗುರಿಯಾದ ಒಬ್ಬ ಮುದಿ ಯಹೂದಿ ಅಕ್ಕಸಾಲಿಗನಾದ. ಧರ್ಮದ್ವೇಷ ಒಂದು ತಂದೆಯನ್ನೂ ಮಗಳನ್ನೂ ಹೇಗೆ ಸುಡುತ್ತದೆ ಎಂಬುದು ಅದರ ವಸ್ತು. ಕ್ಯಾಥೊಲಿಕ್ ಕರೂಸೊ ಆ ಯಹೂದಿಯ ಸಂಕಟವನ್ನು ತನ್ನದಾಗಿಸಿಕೊಂಡ ರೀತಿ ಅವನ ನಟನೆಯ ಶಿಖರವೆಂದು ಬಲ್ಲವರು ಹೇಳುತ್ತಾರೆ. ಅದರ ಮುಖ್ಯ ಹಾಡನ್ನು 1920ರ ಸೆಪ್ಟೆಂಬರಿನಲ್ಲಿ ಕ್ಯಾಮ್‌ಡೆನ್ ಊರಿನಲ್ಲಿ, ಹಳೆಯ ಇಗರ್ಜಿಯೊಂದನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಜಾಗದಲ್ಲಿ, ಪ್ಲೇಟಿಗೆ ಹಾಡಿದ. ಆ ತಿಂಗಳ 16ರ ನಂತರ ಆತ ಮತ್ತೆ ಕಹಳೆಯ ಮುಂದೆ ನಿಲ್ಲಲಿಲ್ಲ. ಕೊನೆಯ ದಿನ ಹಾಡಿದವುಗಳಲ್ಲಿ ರೊಸ್ಸೀನಿಯ ಪ್ರಾರ್ಥನಾ ಸಂಗೀತದ ಭಾಗಗಳಿದ್ದವು.

ಆ ಡಿಸೆಂಬರಿನಲ್ಲಿ ಎದೆನೋವು ಶುರುವಾಯಿತು. 11ರಂದು ಬ್ರೂಕ್ಲಿನ್‌ನಲ್ಲಿ ಆತ ಹಾಡಲು ನಿಂತದ್ದು ಮತ್ತೆ ಆ ಹಳ್ಳಿ ಹುಡುಗ ನೆಮೊರಿನೊ ಆಗಿ. ಹಾಡುತ್ತಿದ್ದಂತೆ ಬಾಯಿಂದ ರಕ್ತ ಬಂತು. ಕರವಸ್ತ್ರದಿಂದ ಒರೆಸಿಕೊಂಡು ಹಾಡಿದ. ರಂಗದ ಮರೆಯಿಂದ ಒಂದಾದ ಮೇಲೊಂದು ಕರವಸ್ತ್ರ ಕೊಡುತ್ತಲೇ ಇದ್ದರು. ಮೊದಲ ಅಂಕ ಮುಗಿದ ಮೇಲೆ ಪ್ರದರ್ಶನ ನಿಲ್ಲಿಸಲಾಯಿತು. ಅಷ್ಟಾದರೂ ಡಿಸೆಂಬರ್ 24ರಂದು ಎಲಿಯಜಾರ್‌ನಾಗಿ ಮತ್ತೆ ರಂಗಕ್ಕೆ ಬಂದ. ಅದು ಅವನ ಕೊನೆಯ ಪ್ರದರ್ಶನ. ಎದೆಯಲ್ಲಿ ಕೀವು ತುಂಬಿತ್ತು. ಪೆನಿಸಿಲಿನ್ ಬರಲು ಇನ್ನೂ ಎರಡು ದಶಕ ಬೇಕಿತ್ತು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾದವು. 1921ರ ಬೇಸಿಗೆಯಲ್ಲಿ ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಇಟಲಿಗೆ ಮರಳಿದ. ಆಗಸ್ಟ್ 2ರಂದು ನೇಪಲ್ಸಿನ ಹೋಟೆಲೊಂದರಲ್ಲಿ ತೀರಿಕೊಂಡ. ಆಗ ಅವನಿಗೆ 48 ವರ್ಷ.

ಹಾಡುವುದಿಲ್ಲ ಎಂದ ಊರಿಗೆ ಆತ ಸಾಯಲು ಬಂದ. ಅಂದು ನೇಪಲ್ಸಿನ ಬೀದಿಗಳು ಜನರಿಂದ ತುಂಬಿಹೋದವು. ಅರಮನೆಯ ಎದುರಿನ ದೊಡ್ಡ ಇಗರ್ಜಿಯಲ್ಲಿ ಅಂತಿಮ ಪ್ರಾರ್ಥನೆ ನಡೆಯಿತು. ಶವವನ್ನು ಮಣ್ಣು ಮಾಡದೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಜನರಿಗೆ ತೋರಿಸಿದರು. ಕೊನೆಗೆ ಹೆಂಡತಿಯ ಒತ್ತಾಯದಿಂದ ಅದನ್ನು ಮುಚ್ಚಲಾಯಿತು. ಬದುಕಿದ್ದಾಗ ಕೇಳದ ಊರು ಸತ್ತ ಮೇಲೆ ನೋಡುತ್ತ ನಿಲ್ಲುವುದು ಇಟಲಿಗಷ್ಟೇ ಸೀಮಿತವಾದ ರೋಗವಲ್ಲ. 2023ರಲ್ಲಿ ನೇಪಲ್ಸಿನ ಅರಮನೆಯಲ್ಲಿ ಕರೂಸೊನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಅರಮನೆಗೆ ಅಂಟಿಕೊಂಡೇ ಇರುವುದು ಸಾನ್ ಕಾರ್ಲೊ ರಂಗಮಂದಿರ.

ಸಾನ್ ಕಾರ್ಲೊದ ಆ ಗುಂಪಿನಲ್ಲಿ ಕೂತು ತೀರ್ಪು ಕೊಟ್ಟವರ ಹೆಸರು ಇಂದು ಯಾರಿಗೂ ಬೇಕಾಗಿಲ್ಲ. ಅವರು ತಲೆಯಾಡಿಸಿ ಮೆಚ್ಚಿದ ಎಷ್ಟೋ ಕಂಠಗಳು ತಾನ್‌ಸೇನನ ಕಂಠ ಹೋದ ಹಾದಿಯಲ್ಲೇ ಹೋದವು. ಅವರ ಬಾಗಿಲ ಹೊರಗೆ, ಹೋಟೆಲಿನ ಬಾಡಿಗೆ ಕೋಣೆಯಲ್ಲಿ, ತಗಡಿನ ಕಹಳೆಯ ಮುಂದೆ ನಿಂತವನ ಕಂಠ ಉಳಿಯಿತು. ಮೇಣದ ಮೇಲೆ ಸೂಜಿ ಓಡುವಾಗ ಅದು ಹಾಡುವವನ ಕುಲ, ಓಣಿ, ಅಂಗಿಯನ್ನು ಕೇಳಿದ್ದಿಲ್ಲ. ಆ ಕುರುಡು ಯಂತ್ರ ನಮ್ಮ ಕಣ್ಣಿರುವ ಸಭೆಗಳಿಗಿಂತ ಹೆಚ್ಚು ನ್ಯಾಯವಾಗಿ ನಡೆದುಕೊಂಡಿತು.